ತೆಗೆ ಅಂದೆ, ತೆಗೆದ

ಕರೆಂಟ್ ಹೋದಾಗ ಊರೆಲ್ಲ ಬೈಯುತ್ತದೆ. ನಾನು ಬೈಯುವುದಿಲ್ಲ. ಎಲ್ಲೋ ಯಾರೋ ಕಂಬ ಹತ್ತಿದ್ದಾರೆ ಎಂದುಕೊಂಡು ಸುಮ್ಮನೆ ಕೂರುತ್ತೇನೆ. ನನ್ನ ಎದೆ ಹೊಡೆದುಕೊಳ್ಳುವುದು ಕರೆಂಟ್ ವಾಪಸ್ ಬಂದಾಗ. ಫ್ಯಾನು ತಿರುಗಲು ಶುರುವಾದ ಕೂಡಲೇ, ಹತ್ತಿದವರು ಇಳಿದಿದ್ದಾರೋ ಇಲ್ಲವೋ ಎಂಬ ಯೋಚನೆ ಬರುತ್ತದೆ. ಮೂವತ್ತಾರು ವರ್ಷ ಲೈನ್‌ಮನ್ ಆಗಿ ದುಡಿದು ನಿವೃತ್ತನಾದವನ ಹತ್ತಿರ ಉಳಿದಿರುವುದು ಇದೊಂದು ಹೆದರಿಕೆ.

ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ರೇಷ್ಮಾ. ನನ್ನ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದ ನಜೀರ್ ಸಾಬರ ಮಗಳು. ಕಳೆದ ತಿಂಗಳು ಅವಳಿಗೆ ಕಿರಿಯ ಮಾರ್ಗದಾಳು, ಅಂದರೆ ಲೈನ್‌ಮನ್ ಹುದ್ದೆಯ ಆರ್ಡರ್ ಬಂತು. ಕಂಬ ಹತ್ತುವ ಪರೀಕ್ಷೆಯಲ್ಲಿ ಎಷ್ಟೋ ಗಂಡುಹುಡುಗರು ಅರ್ಧಕ್ಕೇ ಜಾರಿ ಇಳಿದರಂತೆ, ಇವಳು ತುದಿ ಮುಟ್ಟಿ ಬಂದಳಂತೆ. ಪೋಸ್ಟಿಂಗು ನಮ್ಮ ನ್ಯಾಮತಿ ಸೆಕ್ಷನ್ನಿಗೇ ಆಯಿತು. ಹೊನ್ನಾಳಿಯಿಂದ ಅಪ್ಪ ಮಗಳು ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ನಜೀರ್ ಎಡಗೈಯಲ್ಲಿ ಸ್ವೀಟಿನ ಡಬ್ಬಿ ಹಿಡಿದಿದ್ದ. ಅವನಿಗೆ ಬಲಗೈ ಮೊಣಕೈತನಕ ಮಾತ್ರ ಇದೆ.

"ಟ್ರೇನಿಂಗ್ನಾಗೆ ಪುಸ್ತಕದ್ದೆಲ್ಲ ಹೇಳ್ಕೊಡ್ತಾರೆ ಹಾಲಣ್ಣಾ. ಪುಸ್ತಕದಾಗೆ ಇಲ್ಲದ್ದು ನೀವು ಹೇಳ್ಕೊಡ್ರಿ. ನನಗೆ ಇರೋದು ಇವಳೊಬ್ಬಳೇ," ಎಂದ.

ಆಗಲಿ, ಭಾನುವಾರ ಬನ್ನಿ ಎಂದೆ. ಅವರು ಹೋದ ಮೇಲೆ ಸ್ವೀಟಿನ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ. ಈ ಹುಡುಗಿಯ ಜೀವ ಉಳಿಯಬೇಕಾದರೆ ನಾನು ಹೇಳಬೇಕಾದ ಮುಖ್ಯವಾದ ಮಾತು ಒಂದೇ ಇದೆ. ಅದು ಅವಳ ಅಪ್ಪನ ಕೈ ಹೋದ ದಿನದ ಮಾತು. ಅದನ್ನು ನಾನು ಹದಿನಾಲ್ಕು ವರ್ಷ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ನೇರವಾಗಿ ಅಲ್ಲಿಗೇ ಹೋಗಲು ಧೈರ್ಯ ಸಾಲದೆ ಹಿಂದಿನಿಂದ ಬರೆಯುತ್ತಾ ಬಂದೆ. ಓದುವವರು ಸ್ವಲ್ಪ ತಾಳಿಕೊಳ್ಳಬೇಕು.

ನನ್ನ ಕೆಲಸ ಶುರುವಾದದ್ದು ಜಗಳೂರಿನಲ್ಲಿ. ಆ ಕಡೆ ಲೈನುಗಳು ಉದ್ದ. ಬಯಲಲ್ಲಿ ಮೈಲಿಗಟ್ಟಲೆ ಕಂಬ, ನಡುವೆ ನೆರಳಿಗೊಂದು ಮರ ಸಿಕ್ಕರೆ ಪುಣ್ಯ. ನನ್ನನ್ನು ತಿಪ್ಪೇಸ್ವಾಮಿ ಎಂಬ ಹಿರಿಯ ಲೈನ್‌ಮನ್ ಕೈಕೆಳಗೆ ಹಾಕಿದರು. ಆಫೀಸಿನಲ್ಲಿ ಅವರಿಗಿದ್ದ ಹೆಸರು ಹೆದರುಪುಕ್ಲ ತಿಪ್ಪಣ್ಣ. ಎದುರಿಗೇ ಹಾಗೆ ಕರೆದರೂ ಅವರು ಬೀಡಿ ಹಚ್ಚಿಕೊಂಡು ನಗುತ್ತಿದ್ದರು.

ತಿಪ್ಪಣ್ಣನ ಹೆದರಿಕೆಗೆ ಮೂರು ಪದ್ಧತಿಗಳಿದ್ದವು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಕಿತ್ತರೆ ಅದನ್ನು ಅಲ್ಲೇ ಇಟ್ಟು ಬರುತ್ತಿರಲಿಲ್ಲ, ಮೂರನ್ನೂ ಚೀಲಕ್ಕೆ ಹಾಕಿಕೊಂಡೇ ಕಂಬ ಹತ್ತುತ್ತಿದ್ದರು. ಫ್ಯೂಸು ನನ್ನ ಹತ್ತಿರ ಇದ್ದರೆ ಇನ್ನೊಬ್ಬ ಹಾಕುವುದು ಹೇಗೆ ಎನ್ನುವುದು ಅವರ ಲೆಕ್ಕ. ಎರಡನೆಯದು, ಸ್ವಿಚ್ಚಿನ ಹತ್ತಿರ ಇರುವವನನ್ನು ಅವರು ಏನು ಮಾಡಿದೆ ಎಂದು ಕೇಳುತ್ತಿರಲಿಲ್ಲ, ಏನು ಕಾಣುತ್ತಿದೆ ಎಂದು ಕೇಳುತ್ತಿದ್ದರು. ಹ್ಯಾಂಡಲ್ ಮೇಲಿದೆಯೋ ಕೆಳಗಿದೆಯೋ, ಬ್ಲೇಡುಗಳ ನಡುವೆ ಆಕಾಶ ಕಾಣುತ್ತಿದೆಯೋ ಇಲ್ಲವೋ. ಅಷ್ಟಾದ ಮೇಲೂ, ಕರೆಂಟ್ ಬಂದರೂ ಭೂಮಿಗೆ ಹರಿದುಹೋಗಲಿ ಎಂದು ತಂತಿಗೆ ಸರಪಳಿ ಎಸೆದು ನೆಲಕ್ಕೆ ಕಟ್ಟದೆ ಅದನ್ನು ಮುಟ್ಟುತ್ತಿರಲಿಲ್ಲ.

ಮೂರನೆಯದು ನಮಗೆ ಭಾರಿ ತಮಾಷೆಯ ವಿಷಯವಾಗಿತ್ತು. ಕೆಲಸ ಮುಗಿದು ಲೈನ್ ಚಾಲೂ ಮಾಡುವ ಮೊದಲು, ಹಾಜರಿ ಕರೆಯುವ ಮೇಷ್ಟ್ರ ಹಾಗೆ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು.

"ಹಾಲೇಶಾ, ಕಾಲೆಲ್ಲೈತಲೇ?"

"ನೆಲದ ಮ್ಯಾಲೆ."

ಹೀಗೆ ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಹೇಳಬೇಕು. ಅವನು ಅಲ್ಲಿದ್ದಾನೆ ಬಿಡಿ ಎಂದು ಪಕ್ಕದವರು ಹೇಳಿದರೆ ನಡೆಯುತ್ತಿರಲಿಲ್ಲ. ಒಂದು ದಿನ ಹಸಿವಿನಲ್ಲಿ ನನಗೆ ರೇಗಿ, ಎದುರಿಗೇ ನಿಂತಿದ್ದೀನಲ್ಲ ಕಣ್ಣು ಕಾಣಲ್ವಾ ಎಂದೆ. ತಿಪ್ಪಣ್ಣ ಬೀಡಿ ತೆಗೆದು ಹೇಳಿದರು, "ಧೈರ್ಯಸ್ಥರ ಫೋಟೋಕ್ಕೆ ಹಾರ ಹಾಕಾಕೆ ನಾಲ್ಕು ಮನಿಗೆ ಹೋಗಿ ಬಂದೀನಿ. ನಿಮ್ಮನಿಗೆ ಬರಾಕೆ ಬ್ಯಾಸರ ನನಗೆ."

ನಾನು ನೆಲದ ಮೇಲೆ ಎಂದೆ. ಆದರೂ ಮನಸ್ಸಿನಲ್ಲಿ ನಗುತ್ತಿದ್ದೆ.

ನಗು ನಿಂತದ್ದು ಹೊನ್ನಾಳಿಗೆ ವರ್ಗವಾಗಿ ಎರಡು ವರ್ಷಕ್ಕೆ. ಒಂದು ಕಲ್ಯಾಣಮಂಟಪದ ಬೀದಿಯಲ್ಲಿ ತಂತಿ ಸಡಿಲವಾಗಿತ್ತು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಕಿತ್ತು ಚೀಲಕ್ಕೆ ಹಾಕಿಕೊಂಡು, ಸರಪಳಿ ಎಸೆಯದೆ ಹತ್ತಿದೆ. ಒಳಗೆ ಮದುವೆ, ಓಲಗ, ಊಟದ ಪಂಕ್ತಿ. ಕರೆಂಟ್ ಹೋದದ್ದಕ್ಕೆ ಮಂಟಪದವರು ಬೈಯುತ್ತಿರುವುದು ಕಂಬದ ಮೇಲಿದ್ದ ನನಗೆ ಕೇಳುತ್ತಿತ್ತು. ಆಮೇಲೆ ಜನರೇಟರ್ ಶುರುವಾದ ಸದ್ದೂ ಕೇಳಿತು. ಬೈಗುಳ ನಿಂತಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ತಂತಿಯನ್ನು ಹಿಡಿಯುವ ಮೊದಲು ಬಲಗೈಯ ಹಿಂಬದಿಯಿಂದ ಮುಟ್ಟಿ ನೋಡುವ ಚಟವೊಂದನ್ನು ತಿಪ್ಪಣ್ಣ ನನಗೆ ಅಂಟಿಸಿದ್ದರು. ಅಂಗೈಯಲ್ಲಿ ಹಿಡಿದರೆ ಮುಷ್ಟಿ ಬಿಗಿದು ಕೈ ಬಿಡಿಸಿಕೊಳ್ಳಲಾಗುವುದಿಲ್ಲ, ಹಿಂಬದಿಯಾದರೆ ಕೈ ದೂರ ಎಸೆಯುತ್ತದೆ ಎನ್ನುತ್ತಿದ್ದರು. ಮುಟ್ಟಿದೆ. ಯಾರೋ ಭುಜಕ್ಕೆ ಸೌದೆಯಿಂದ ಹೊಡೆದ ಹಾಗಾಯಿತು. ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡಿದೆ. ಜೇಬು ಚೀಲವೆಲ್ಲ ಬರಿದಾಗಿ, ಬೀದಿಯಲ್ಲಿ ನನ್ನ ಮೂರು ಫ್ಯೂಸುಗಳು ಬಿದ್ದಿರುವುದು ಕಾಣುತ್ತಿತ್ತು. ಫ್ಯೂಸು ಅಲ್ಲಿದೆ, ಹಾಗಾದರೆ ಕರೆಂಟ್ ಎಲ್ಲಿಂದ ಬಂತು? ಆ ಪ್ರಶ್ನೆಯ ಹೆದರಿಕೆ ಏಟಿಗಿಂತ ದೊಡ್ಡದಿತ್ತು.

ಬಂದದ್ದು ಮಂಟಪದಿಂದ. ಅವರು ಮೇನ್ ಸ್ವಿಚ್ ಆರಿಸದೆ ಜನರೇಟರ್ ಕೊಟ್ಟಿದ್ದರು, ಅವರ ಕರೆಂಟು ನಮ್ಮ ತಂತಿಗೆ ಉಲ್ಟಾ ಹರಿದಿತ್ತು. ಕೆಳಗಿಳಿಸಿದಾಗ ನನ್ನ ಪ್ಯಾಂಟ್ ಒದ್ದೆಯಾಗಿತ್ತು. ಮದುವೆ ಮನೆಯ ಒಬ್ಬ ಹೆಂಗಸು ಏನೂ ಕೇಳದೆ ಒಂದು ಪಂಚೆ ತಂದುಕೊಟ್ಟರು. ಹೊಸಬರಿಗೆ ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಕಂಬದ ಮೇಲೆ ಹೆದರಿಕೆಯೇ ಆಗಲಿಲ್ಲ ಎನ್ನುವವನ ಜೊತೆ ಕೆಲಸಕ್ಕೆ ಹೋಗಬೇಡಿ. ನಾನು ಮಾತ್ರ ಅಲ್ಲಿಂದ ಮೂರು ತಿಂಗಳು ಕನಸಿನಲ್ಲೂ ಸರಪಳಿ ಎಸೆಯುತ್ತಿದ್ದೆ.

ನಾನು ಸೇರಿದಾಗ ಲೈನ್ ಕ್ಲಿಯರ್, ಅಂದರೆ ಕರೆಂಟ್ ನಿಲ್ಲಿಸಿ ಕಂಬ ಹತ್ತಲು ಕೊಡುವ ಅನುಮತಿ, ಎಂದರೆ ಒಂದು ಪುಸ್ತಕ. ಸೈಕಲ್ ತುಳಿದುಕೊಂಡು ಸಬ್‌ಸ್ಟೇಷನ್ನಿಗೆ ಹೋಗಿ, ಯಾವ ಲೈನು, ಎಷ್ಟು ಹೊತ್ತು, ಎಷ್ಟು ಜನ ಎಂದು ಬರೆದು ಸಹಿ ಹಾಕಿ, ಆಪರೇಟರ್ ಸ್ವಿಚ್ ಆರಿಸುವುದನ್ನು ಕಣ್ಣಾರೆ ನೋಡಿ ಬರಬೇಕು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಸವಳಂಗದ ಕಡೆ ಕೆಲಸ ಮಾಡುವ ಹೊತ್ತಿಗೆ ಬೈಕು ಬಂತು, ಆಮೇಲೆ ಮೊಬೈಲ್ ಬಂತು. ಅರ್ಧ ದಿನದ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು. ತೆಗೆದಿದೀಯಾ? ತೆಗೆದಿದೀನಿ. ಇಷ್ಟೇ. ಆ ಅನುಕೂಲಕ್ಕೆ ನಾವೆಲ್ಲ ಮರುಳಾದೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸ್ಕೂಲಿನಲ್ಲಿ ಕಾಪಿ ಬರೆದವರೇ ನಾವು. ಆದರೂ ಒಬ್ಬ ಮನುಷ್ಯನ ಜೀವವನ್ನು ಒಂದು ಮಾತಿನ ಮೇಲೆ ನಿಲ್ಲಿಸುವುದು ನಮಗೆ ರೂಢಿಯಾಗಿಬಿಟ್ಟಿತು.

ಆ ಮಾತು ಯಾವುದು ನೋಡಿ. ತೆಗೆ. ನಮ್ಮ ಕೆಲಸದಲ್ಲಿ ಲೈನ್ ತೆಗೆ ಎಂದರೆ ಕರೆಂಟ್ ನಿಲ್ಲಿಸು ಎಂದರ್ಥ. ಸ್ವಿಚ್ಚಿನ ಬಾಯಿ ತೆಗೆದರೆ ಕರೆಂಟ್ ಹರಿಯುವುದಿಲ್ಲ. ನಮಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ ಆ ಮಾತಿಗೆ ಬೇರೆ ಅರ್ಥ ಇದೆ ಎನ್ನುವುದೇ ಮರೆತುಹೋಗಿತ್ತು.

ಈಗ ಚನ್ನಗಿರಿಯ ಮಾತಿಗೆ ಬರುತ್ತೇನೆ. ಸೂಳೆಕೆರೆಯ ಕೆಳಗೆ, ಕಾಲುವೆ ನೀರು ಉಣ್ಣುವ ಒಂದು ಹಳ್ಳಿ. ಹೆಸರು ಬೇಡ. ಎರಡು ದಿನದ ಹಿಂದಿನ ಗಾಳಿಗೆ ಜಾಲಿಯ ಕೊಂಬೆ ಲೈನಿನ ಮೇಲೆ ಬಿದ್ದು, ಕಂಬದ ಮೇಲೆ ತಂತಿಗೆ ತಂತಿ ಕೂಡಿಸುವ ಜಂಪರ್ ಒಂದು ಕಿತ್ತುಹೋಗಿತ್ತು. ಕೊಂಬೆಯನ್ನು ಊರವರೇ ಕಡಿದು ಹಾಕಿದ್ದರು. ಕುಡಿಯುವ ನೀರಿನ ಮೋಟಾರು ನಿಂತು ಎರಡು ದಿನವಾಗಿತ್ತು. ನಾನೂ ನಜೀರನೂ ಹೋದಾಗ ಹನ್ನೊಂದು ಗಂಟೆ. ಖಾಲಿ ಕೊಡ ಹಿಡಿದು ಹೆಂಗಸರು ಕಂಬದ ಸುತ್ತ ನಿಂತಿದ್ದರು. ಒಬ್ಬ ಮುದುಕಿ, ನಿಮ್ಮನೇಲಿ ನೀರಿಲ್ಲದಿದ್ರೆ ಹಿಂಗೆ ಮೆಲ್ಲಗೆ ಬರ್ತಿದ್ರೇನ್ರಿ ಎಂದು ಕೇಳಿದಳು. ಮೇಲಿನಿಂದ ನಮ್ಮ ಆಫೀಸರ್ ಫೋನಿನ ಮೇಲೆ ಫೋನು ಮಾಡುತ್ತಿದ್ದರು.

ಆ ಲೈನಿನ ಸ್ವಿಚ್ಚು ಒಂದೂವರೆ ಮೈಲಿ ದೂರದ ಕಾಲುವೆ ಏರಿಯ ಮೇಲೆ. ಎರಡು ಕಂಬದ ನಡುವೆ ಮೇಲೆ ಬ್ಲೇಡುಗಳು, ಕೆಳಗೆ ಕೈಗೆ ಸಿಗುವ ಹಾಗೆ ಹ್ಯಾಂಡಲ್. ಹ್ಯಾಂಡಲ್ ಮೇಲಿದ್ದರೆ ಕರೆಂಟ್ ಉಂಟು, ಕೆಳಗೆ ಎಳೆದರೆ ಇಲ್ಲ. ಅದಕ್ಕೆ ಬೀಗ ಇರಬೇಕು. ನಮ್ಮ ಕಡೆ ಬೀಗದ ಬದಲು ತಂತಿ ಸುತ್ತಿರುತ್ತಿದ್ದೆವು. ಏರಿಯ ದಾರಿ ಕೊರೆದುಹೋಗಿತ್ತು, ಬೈಕು ಹೋಗುತ್ತಿರಲಿಲ್ಲ. ನಡೆದು ಹೋಗಿ ಬರಬೇಕಿತ್ತು. ನಾನು ಹೋಗಲಿಲ್ಲ.

ಸ್ವಿಚ್ಚಿನಿಂದ ಕೂಗಳತೆಯಲ್ಲಿ ಹನುಮಂತಪ್ಪನ ಗುಡಿಸಲಿತ್ತು. ಅವನು ನೀರುಗಂಟಿ. ಕಾಲುವೆಯ ತೂಬಿನ ಗೇಟು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವನ ದಿನಗೂಲಿ ಕೆಲಸ. ಮೈಗಳ್ಳನಲ್ಲ, ಹೇಳಿದ ಮಾತು ಮೀರುವವನಲ್ಲ. ನಜೀರ್ ಹಗ್ಗ ತರಲು ಊರೊಳಗೆ ಹೋಗಿದ್ದಾಗ ನಾನು ಹನುಮಂತಪ್ಪನಿಗೆ ಫೋನು ಮಾಡಿದೆ. ಏರಿ ಮೇಲಿನ ಕಂಬದ ಹ್ಯಾಂಡಲ್ ಇದೆಯಲ್ಲ, ಸುತ್ತಿರುವ ತಂತಿ ಬಿಚ್ಚಿ ಅದನ್ನು ತೆಗೆದು ನನಗೆ ಹೇಳು ಎಂದೆ. ಹತ್ತು ನಿಮಿಷಕ್ಕೆ ಅವನ ಫೋನು ಬಂತು.

"ತೆಗೆದೀನಿ ಸ್ವಾಮಿ."

ನಜೀರ್ ಹಗ್ಗ ತಂದು ಬೆಲ್ಟ್ ಕಟ್ಟಿಕೊಂಡ. ಸ್ವಿಚ್ಚಿನ ಹತ್ರ ಯಾರಿದಾರೆ ಎಂದು ಕೇಳಿದ. ನಮ್ಮೋರೇ ಇದಾರೆ ಎಂದೆ. ಸರಪಳಿ ಎಂದ. ಅದು ಇನ್ನೊಂದು ಬೈಕಿನ ಡಬ್ಬಿಯಲ್ಲಿ ಉಳಿದಿತ್ತು. ತೆಗೆದಾಯ್ತು ಅಂದ ಮೇಲೆ ಇನ್ನೇನು, ಹತ್ತು ಎಂದೆ. ಅವನು ನನ್ನ ಮುಖ ಒಂದು ಸಲ ನೋಡಿದ. ಆಮೇಲೆ ಹತ್ತಿದ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

ನೀಲಿ ಬೆಳಕು, ಪಟಾಕಿ ಸರ ಹೊಡೆದಂಥ ಸದ್ದು. ಹೆಂಗಸರ ಕೈಯ ಕೊಡಗಳು ನೆಲಕ್ಕೆ ಬಿದ್ದವು. ನಜೀರ್ ಬೆಲ್ಟಿನಲ್ಲಿ ತಲೆ ಜೋತು ನೇತಾಡುತ್ತಿದ್ದ. ಹತ್ತಿ ಇಳಿಸೋಣವೆಂದರೆ ಲೈನು ಜೀವಂತವಾಗಿದೆಯೋ ಇಲ್ಲವೋ ಗೊತ್ತಿಲ್ಲ. ಹನುಮಂತಪ್ಪನ ನಂಬರು ಒತ್ತಿದೆ. ತೆಗೆ ಹನುಮಂತಪ್ಪಾ, ತೆಗೆ, ತೆಗೆ ಎಂದು ಕಿರುಚಿದೆ.

"ತೆಗೆದೈತೆ ಸ್ವಾಮಿ," ಎಂದ ಅವನು ಸಮಾಧಾನವಾಗಿ. "ಪೂರ್ತಿ ತೆಗೆದೈತೆ."

ಆ ಸಮಾಧಾನದ ದನಿ ನನಗೆ ಈಗಲೂ ಕೇಳಿಸುತ್ತದೆ. ಆಗ ನನ್ನ ಬಾಯಿಗೆ ತಿಪ್ಪಣ್ಣನ ಪ್ರಶ್ನೆ ಬಂತು. ಹ್ಯಾಂಡಲ್ ಎಲ್ಲೈತೆ, ಮೇಲೋ ಕೆಳಗೋ ಎಂದೆ. ಮ್ಯಾಲೈತೆ ಎಂದ. ಕೆಳಗೆ ಎಳಿ ಎಂದೆ. ಎಳೆದ. ಆಮೇಲೆ ನಾನು ಹತ್ತಿದೆ.

ನಡೆದದ್ದು ಇಷ್ಟು. ಬೆಳಿಗ್ಗೆಯೇ ನಮ್ಮವನೇ ಒಬ್ಬ ಕೊಂಬೆ ಬಿದ್ದ ಸುದ್ದಿ ಕೇಳಿ ಆ ದಾರಿಯಲ್ಲಿ ಹೋಗುವಾಗ ಹ್ಯಾಂಡಲ್ ಕೆಳಗೆ ಎಳೆದು, ತಂತಿ ಸುತ್ತಿ, ನಮಗೆ ತಿಳಿಸದೆ ಬೇರೆ ಕೆಲಸಕ್ಕೆ ಹೋಗಿದ್ದ. ಲೈನು ಆಗಲೇ ಸತ್ತಿತ್ತು. ನಾನು ಫೋನು ಮಾಡದೆ ಇದ್ದಿದ್ದರೂ ನಜೀರನಿಗೆ ಏನೂ ಆಗುತ್ತಿರಲಿಲ್ಲ. ಹನುಮಂತಪ್ಪ ಹೋಗಿ ನೋಡಿದರೆ ಹ್ಯಾಂಡಲ್ ಕೆಳಗಿದೆ. ಅವನ ಆಯುಷ್ಯವೆಲ್ಲ ತೂಬಿನ ಮೇಲೆ ಕಳೆದಿದೆ. ಗೇಟು ಕೆಳಗಿದ್ದರೆ ಮುಚ್ಚಿದೆ. ತೆಗೆ ಎಂದರೆ ಮೇಲೆತ್ತು, ಹರಿಯಲು ಬಿಡು. ಅವನು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಕರೆಂಟಿಗೆ ಗೇಟು ತೆಗೆದ.

ನಜೀರ್ ಬದುಕಿದ. ದಾವಣಗೆರೆಯ ಆಸ್ಪತ್ರೆಯಲ್ಲಿ ಬಲಗೈ ಕತ್ತರಿಸಿದರು. ಆಗ ರೇಷ್ಮಾ ಎರಡನೇ ಕ್ಲಾಸು. ವಾರ್ಡಿನ ಬಾಗಿಲಲ್ಲಿ ನನ್ನ ಬೆರಳು ಹಿಡಿದುಕೊಂಡು, ಚಾಚಾ, ಅಬ್ಬಾನ ಕೈ ಮತ್ತೆ ಬೆಳೀತೈತಾ ಎಂದು ಕೇಳಿದ್ದಳು.

ವಿಚಾರಣೆ ಬಂತು. ನಮ್ಮ ಆಫೀಸರ್ ಕೆಟ್ಟವರಲ್ಲ, ನನ್ನ ನೌಕರಿ ಉಳಿಸಬೇಕೆಂದಿದ್ದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಹಾಗೆ ಒಂದು ಹೇಳಿಕೆ ಬರೆದರು. ಅನಧಿಕೃತ ವ್ಯಕ್ತಿಯೊಬ್ಬರು ಸ್ವಿಚ್ಚನ್ನು ಮುಟ್ಟಿದ್ದರಿಂದ ಅವಘಡ ಸಂಭವಿಸಿದೆ ಎಂದು. ಸುಳ್ಳಿನ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಮುಟ್ಟಲು ಹೇಳಿದವರು ಯಾರು ಎಂಬುದು ಮಾತ್ರ ಇರಲಿಲ್ಲ. ನಾನು ಸಹಿ ಹಾಕಿದೆ. ಹನುಮಂತಪ್ಪನನ್ನು ಪೊಲೀಸ್ ಸ್ಟೇಷನ್ನಿಗೆ ಕರೆಸಿದರು. ಅವರು ತೆಗಿ ಅಂದ್ರು, ತೆಗೆದೆ ಎಂದು ಅವನು ಹೇಳಿದನಂತೆ. ತೆಗೆದಿದ್ದರೆ ಕರೆಂಟ್ ಹೆಂಗೆ ಬಂತು, ಸರಿಯಾಗಿ ಕೇಳಿಸಿಕೊಂಡಿಲ್ಲ ನೀನು ಎಂದು ಗದರಿಸಿದರಂತೆ. ಅವನಿಗೂ ಅದೇ ನಿಜವಿರಬೇಕು ಅನ್ನಿಸಿತು. ತೂಬಿನ ಕೆಲಸದಿಂದ ಅವನನ್ನು ಬಿಡಿಸಿದರು. ನನಗೆ ಒಂದು ವರ್ಷದ ಮೇಲೆ ಬಡ್ತಿ ಬಂತು. ಆ ಬಡ್ತಿಯ ವಿಷಯ ನಾನು ಬರೆಯುವುದಿಲ್ಲ.

ಅಲ್ಲಿಂದ ಮುಂದಿನ ಸರ್ವಿಸು ನಾನು ಹೆದರಿಕೊಂಡೇ ಮಾಡಿದೆ. ಕರೆಂಟಿಗೆ ಹೆದರಿದ್ದಕ್ಕಿಂತ ಹೆಚ್ಚು ನಜೀರನಿಗೆ ಹೆದರಿದೆ. ಅವನಿಗೆ ಆಫೀಸಿನಲ್ಲಿ ಕೂರುವ ಕೆಲಸ ಕೊಟ್ಟಿದ್ದರು. ಎಡಗೈಯಲ್ಲಿ ಬರೆಯುವುದು ಕಲಿತ. ದಿನಾ ಎದುರು ಸಿಗುತ್ತಿದ್ದ, ಟೀ ಕುಡಿಯೋಣ ಬನ್ರಿ ಎನ್ನುತ್ತಿದ್ದ. ಅವನು ಆ ದಿನದ ಮಾತು ಎತ್ತಿದಾಗಲೆಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುವ ಹಾಗೆ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಭಾನುವಾರ ಅಪ್ಪ ಮಗಳು ಬಂದರು. ಅಲ್ಲಿವರೆಗೆ ಬರೆದದ್ದನ್ನು ಓದಿದೆ. ಫ್ಯೂಸಿನ ವಿಷಯಕ್ಕೆ ರೇಷ್ಮಾ ತಲೆಯಾಡಿಸಿದಳು, ಒದ್ದೆ ಪ್ಯಾಂಟಿನ ವಿಷಯಕ್ಕೆ ನಕ್ಕಳು. ನಜೀರನೂ ನಕ್ಕ. ಆಮೇಲೆ ಕಾಗದ ಕೆಳಗಿಟ್ಟು ಉಳಿದದ್ದನ್ನು ಬಾಯಿಂದ ಹೇಳಿದೆ. ನಮ್ಮೋರೇ ಇದಾರೆ ಎಂದು ನಾನು ಹೇಳಿದ ಸುಳ್ಳಿಗೆ ಬಂದಾಗ ನಜೀರನ ಎಡಗೈ ಬಲಗೈಯ ಮೊಂಡನ್ನು ಹಿಡಿದುಕೊಂಡಿತು. ನಾನು ಅವನ ಕಾಲಿನ ಕಡೆ ನೋಡುತ್ತಲೇ ಹೇಳಿ ಮುಗಿಸಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ.

"ಹನುಮಂತಪ್ಪಗೆ ಹೇಳೀರಾ?" ಎಂದ ನಜೀರ್.

ಇಲ್ಲ ಎಂದೆ.

"ಹದಿನಾಲ್ಕು ವರ್ಷ ನಮಾಜಿಗೆ ಕೂತಾಗೆಲ್ಲ ಅವನಿಗೆ ಶಾಪ ಹಾಕೀನಲ್ರೀ ನಾನು," ಎಂದು ಎದ್ದು ನಿಂತ. "ನಾಳೆ ಬಸ್ ಸ್ಟ್ಯಾಂಡಿಗೆ ಬರ್ರಿ. ನಾನೂ ಬರ್ತೀನಿ."

ಮರುದಿನ ಚನ್ನಗಿರಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋದೆವು, ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಹನುಮಂತಪ್ಪ ಬದುಕಿದ್ದ. ಈಗ ಕೆರೆಬಿಳಚಿಯ ಹತ್ತಿರ ಮಗಳ ಮನೆಯಲ್ಲಿದ್ದಾನೆ. ನನ್ನನ್ನು ಗುರುತು ಹಿಡಿಯುವ ಮೊದಲು ನಜೀರನ ಖಾಲಿ ತೋಳನ್ನು ಗುರುತು ಹಿಡಿದು ಹಿಂದೆ ಸರಿದ. ಕೈ ಕಳಕೊಂಡವರು ಜಗಳಕ್ಕೆ ಬಂದಿದ್ದಾರೆ ಎಂದು ಮಗಳನ್ನು ಕೂಗಿದ. ನಾನು ಅವನ ಮುಂದೆ ನೆಲದ ಮೇಲೆ ಕೂತು, ನಿನ್ನ ತಪ್ಪಲ್ಲ, ನನ್ನ ತಪ್ಪು, ನಾನು ಹೇಳಿದ್ದನ್ನೇ ನೀನು ಮಾಡಿದ್ದೆ ಎಂದು ಎರಡು ಸಲ ಹೇಳಿದೆ. ತೆಗೆ ಎನ್ನುವ ಮಾತಿಗೆ ನಮ್ಮಲ್ಲಿ ಒಂದು ಅರ್ಥ, ನಿಮ್ಮಲ್ಲಿ ಒಂದು ಅರ್ಥ ಎಂದು ಬಿಡಿಸಿ ಹೇಳಿದೆ. ಅವನು ಬಾಯಿ ಬಿಟ್ಟುಕೊಂಡು ಕೇಳಿದ.

"ಹಂಗಾರೆ ನನ್ನ ಕಿವಿ ನೆಟ್ಟಗೇ ಐತಾ ಸ್ವಾಮಿ?" ಎಂದ. "ಕಿವುಡಾಗೀನಿ ಅಂತ ಅವತ್ತಿಂದ ಫೋನು ಮುಟ್ಟಿಲ್ಲ ನಾನು."

ಅವನ ಮಗಳು ಅಳುತ್ತಿದ್ದಳು. ಅಪ್ಪ ಈ ಮನೆಯಲ್ಲಿ ಬಾಗಿಲು ತೆಗೆ ಎಂದು ಹೇಳಿದ್ದನ್ನು ತಾನು ಕೇಳಿಯೇ ಇಲ್ಲ, ಬಾಗಿಲು ಎಳಿ ಎನ್ನುತ್ತಾನೆ ಎಂದಳು. ನಜೀರ್ ಹತ್ತಿರ ಹೋಗಿ ಎಡಗೈಯನ್ನು ಹನುಮಂತಪ್ಪನ ಭುಜದ ಮೇಲಿಟ್ಟು ಕೂತ. ನನ್ನ ಕಡೆ ತಿರುಗಿ ನೋಡಲಿಲ್ಲ.

ಮನೆಗೆ ಬಂದು ನನ್ನ ಹಳೇ ಆಫೀಸಿಗೆ ಪೂರ್ತಿ ಸತ್ಯ ಬರೆದು ಕಳಿಸಿದೆ. ತಲುಪಿದೆ ಎಂದು ಸಹಿ ಬಂತು, ಬೇರೆ ಏನೂ ಬಂದಿಲ್ಲ. ನಜೀರನ ಫೋನೂ ಬರಲಿಲ್ಲ. ಆದರೆ ರೇಷ್ಮಾ ಕೆಲಸಕ್ಕೆ ಸೇರಿದ ದಿನ ಸಂಜೆ ನಮ್ಮ ಮನೆಗೆ ಬಂದು ಹೋದಳು. ಅಬ್ಬಾ ಕಳಿಸಿದ್ರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕಂಬ ಹತ್ತುವ ದಿನ ಇಳಿದ ಕೂಡಲೇ ನನಗೊಂದು ಫೋನು ಮಾಡಬೇಕು ಎಂದು ಮಾತು ತೆಗೆದುಕೊಂಡೆ. ಆಗಲಿ ಚಾಚಾ ಎಂದಳು. ಮೊದಲ ಎರಡು ಸಲ ತಪ್ಪದೆ ಮಾಡಿದಳು.

ಮೊನ್ನೆ ಗುರುವಾರ ಹತ್ತು ಗಂಟೆಗೆ ಕರೆಂಟ್ ಹೋಯಿತು. ಸವಳಂಗ ರೋಡಿನ ಲೈನಿನಲ್ಲಿ ಕೆಲಸ, ತಾನೂ ಹತ್ತುತ್ತೇನೆ ಎಂದು ಬೆಳಿಗ್ಗೆಯೇ ಹೇಳಿದ್ದಳು. ನಾನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಫ್ಯಾನಿನ ಕೆಳಗೆ ಕೂತೆ. ಹನ್ನೊಂದೂ ಕಾಲಿಗೆ ಫ್ಯಾನು ತಿರುಗಿತು. ಫೋನು ಬರಲಿಲ್ಲ.

ಐದು ನಿಮಿಷ ನೋಡಿದೆ. ನಾನೇ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಫ್ಯಾನಿನ ಗಾಳಿಯೇ ಸೇರದೆ ಎದ್ದು ಅದನ್ನು ಆರಿಸಿದೆ. ಬೈಕಿನ ಕೀ ಎಲ್ಲಿಟ್ಟಿದ್ದೇನೆ ಎಂಬುದು ನೆನಪಾಗಲಿಲ್ಲ. ಅಷ್ಟರಲ್ಲಿ ಫೋನು ಬಂತು. ನಜೀರ್. ಮೂರು ವಾರದ ಮೇಲೆ ಮೊದಲ ಸಲ.

"ಹಾಲಣ್ಣಾ, ನಿಮ್ಮಲ್ಲಿ ಕರೆಂಟ್ ಬಂತಾ?" ಎಂದ. "ಅವಳು ಫೋನ್ ಎತ್ತವಲ್ಲಳು."

ಬಂತು ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಬಂದು ಕಾಲು ಗಂಟೆಯಾಯಿತು ಎಂದೆ. ಅವನು ಯಾ ಅಲ್ಲಾ ಎಂದ. ಹಾಗೇ ಇಬ್ಬರೂ ಫೋನು ಹಿಡಿದುಕೊಂಡು, ಒಬ್ಬರ ಉಸಿರು ಒಬ್ಬರು ಕೇಳುತ್ತಾ ನಿಂತೆವು. ಆಗ ನನ್ನ ಫೋನಿನಲ್ಲಿ ಇನ್ನೊಂದು ಕರೆಯ ಸದ್ದು ಬಂತು. ರೇಷ್ಮಾ. ನಜೀರನಿಗೆ ಇಡಬೇಡ ಎಂದು ಹೇಳಿ ಅವಳ ಕರೆ ಎತ್ತಿದೆ.

"ಮಗಾ, ಕಾಲೆಲ್ಲೈತೆ?" ಎಂದೆ.

"ನೆಲದ ಮ್ಯಾಲೆ ಚಾಚಾ. ನಾನು ಆಗಲೇ ಇಳಿದೀನಿ. ಫೋನು ಬೈಕಿನ ಡಬ್ಬಿಯಾಗೆ ಇತ್ತು, ಈಗ ತರಿಸ್ಕೊಂಡೆ."

ಊರಿನ ಲೈನನ್ನು ಚಾಲೂ ಮಾಡಿದ್ದಾರೆ, ತಮ್ಮ ಕಡೆಯ ತುಂಡಿಗೆ ಇನ್ನೂ ಕೊಟ್ಟಿಲ್ಲ ಎಂದಳು. ಏನಾಯಿತೆಂದರೆ, ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎತ್ತುವ ಸರದಿ ಅವಳದಿತ್ತು. ಐದು ಜನರ ಹೆಸರು ಕೂಗಿದ್ದಾಳೆ. ನಾಲ್ವರು ನಗುತ್ತಾ ನೆಲದ ಮೇಲೆ ಎಂದಿದ್ದಾರೆ. ಐದನೆಯವನು ಉತ್ತರ ಕೊಡಲಿಲ್ಲ. ಅವನು ಇಳಿದು ಟೀ ಅಂಗಡಿಗೆ ಹೋಗಿದ್ದಾನೆ, ನಾವೇ ನೋಡಿದ್ದೀವಿ, ಎತ್ತು ಎಂದು ಎಲ್ಲರೂ ಹೇಳಿದ್ದಾರೆ. ಇವಳು ಎತ್ತಿಲ್ಲ. ಅವನೇ ಬಂದು ಅವನ ಬಾಯಿಂದ ಹೇಳಲಿ ಎಂದು ಹ್ಯಾಂಡಲ್ ಹಿಡಿದುಕೊಂಡು ನಿಂತುಬಿಟ್ಟಿದ್ದಾಳೆ. ಅವನು ಈಗಷ್ಟೇ ಬೈದುಕೊಳ್ಳುತ್ತಾ ಬರುತ್ತಿದ್ದಾನಂತೆ. ಊರವರೂ ಬೈಯುತ್ತಿದ್ದಾರೆ, ಆಫೀಸರ್ ಫೋನಿನ ಮೇಲೆ ಫೋನು ಮಾಡುತ್ತಿದ್ದಾರೆ.

"ಇವರೆಲ್ಲ ನನಗೆ ಹೆದರುಪುಕ್ಲಿ ಅಂತಾರೆ ಚಾಚಾ," ಎಂದಳು. ದನಿಯಲ್ಲಿ ಅಳು ಇತ್ತು.

ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಅವಳ ಫೋನು ಇಟ್ಟು ನಜೀರನ ಕಡೆ ಬಂದು, ನೆಲದ ಮೇಲಿದ್ದಾಳೆ ಎಂದೆ. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ. ಮೂವತ್ತಾರು ವರ್ಷದ ಸರ್ವಿಸಿನಲ್ಲಿ ಒಬ್ಬರೂ ನನ್ನನ್ನು ಹೆದರುಪುಕ್ಲ ಎಂದು ಬೈದಿರಲಿಲ್ಲ.